ಐದು ಗಂಟೆಯ ದಾರಿ

“ಇಳಿಯೋದಾ? ಯಾರು ಇಳಿಯೋದು? ನಾನಿನ್ನೂ ಹಲ್ಲೇ ಉಜ್ಜಿಲ್ಲ ಕಣೋ ಅಣ್ಣ!”

ತಂಗಿ ಆ ತುದಿಯಲ್ಲಿ ಬಾಯಿ ತುಂಬ ಆಕಳಿಸಿದ್ದು ಈ ತುದಿಗೆ ಸ್ಪಷ್ಟವಾಗಿ ಕೇಳಿಸಿತು. ಮನೆಯವರೆಲ್ಲ ಸ್ಕ್ರೂ ಅಂತ ಕರೆಯುವ ಅಣ್ಣ ತನ್ನ ಅಂಗಡಿಯ ಗೋಡೆ ಗಡಿಯಾರ ನೋಡಿದ. ಮಧ್ಯಾಹ್ನ ಮೂರೂವರೆ. ಅಕ್ಕ, ಭಾವ ಕೂತಿದ್ದ ವಿಮಾನ ಮೂರಕ್ಕೆ ಇಳಿಯಬೇಕಾಗಿತ್ತು. ಇಳಿದು, ಚೀಲ ತಗೊಂಡು ಹೊರಗೆ ಬರಲಿ ಅಂತ ಅರ್ಧ ಗಂಟೆ ತಡೆದೇ ಫೋನು ಮಾಡಿದ್ದ.

“ತಮಾಷೆ ಸಾಕು. ಮೂರೂವರೆ ಆಯ್ತು. ನೀನು ಏರ್‌ಪೋರ್ಟಿನಲ್ಲಿ ನಿಂತಿರ್ಬೇಕಾಗಿತ್ತು. ಹಾಸಿಗೆಯಲ್ಲೇ ಇದೀಯಾ ನೀನು?”

“ನಿನ್ನ ಮೂರೂವರೆ ಕಟ್ಕೊಂಡು ನಾನೇನು ಮಾಡ್ಲಿ? ಇಲ್ಲಿ ಬೆಳಿಗ್ಗೆ ಹತ್ತು. ಇವತ್ತು ಲಾಂಡ್ರಿಗೆ ರಜೆ ಹಾಕಿ ಹಾಯಾಗಿ ಮಲಗಿದ್ದೆ. ಅವರು ಬರೋದು ನಮ್ಮ ಮೂರಕ್ಕೆ. ನಿಮಗೆ ಆಗ ರಾತ್ರಿ ಎಂಟೂವರೆ. ಇಷ್ಟು ವರ್ಷ ಫೋನು ಮಾಡ್ತಿದೀಯ, ಗೊತ್ತಿಲ್ವಾ?”

ಗೊತ್ತಿತ್ತು. ಗೊತ್ತಿಲ್ಲದೆ ಏನು! ಅಕ್ಕ ಬೆಳಗ್ಗೆ ಎದ್ದ ಕೂಡಲೇ ತಂಗಿಗೆ ಫೋನು ಮಾಡಹೋದರೆ “ಸುಮ್ನಿರೇ, ಅಲ್ಲಿ ಇನ್ನೂ ನಡುರಾತ್ರಿ, ಪಾಪ ಮಲಗಿರ್ತಾಳೆ” ಅಂತ ಗದರುತ್ತಿದ್ದವನು ಇವನೇ. ಆ ಊರಿನ ಗಡಿಯಾರ ಐದೂವರೆ ಗಂಟೆ ಹಿಂದೆ ಅನ್ನುವುದು ಅವನ ತಲೆಯಲ್ಲಿ ಒಂದು ಮೂಲೆಯಲ್ಲಿತ್ತು. ಟಿಕೆಟ್ಟಿನ ಮೇಲೆ ಅಚ್ಚಾಗಿದ್ದ ಹತ್ತು ಗಂಟೆ, ಮೂರು ಗಂಟೆ ಇನ್ನೊಂದು ಮೂಲೆಯಲ್ಲಿತ್ತು. ಎರಡೂ ಒಂದನ್ನೊಂದು ಮಾತಾಡಿಸಿರಲೇ ಇಲ್ಲ.

“ಅಣ್ಣಾ? ಲೈನು ಹೋಯ್ತಾ?”

“ಅವರು ಇನ್ನೂ ಮೇಲೇ ಇದಾರಾ?”

“ಮತ್ತೆ? ಇನ್ನೂ ಅರ್ಧ ದಾರಿ. ಯಾಕೋ, ಏನಾಯ್ತು?”

ಸ್ಕ್ರೂ ಗಡಿಯಾರವನ್ನು ಮತ್ತೊಮ್ಮೆ ನೋಡಿದ. “ಆಮೇಲೆ ಮಾಡ್ತೀನಿ” ಅಂದು ಫೋನು ಇಟ್ಟ.

ಅವನದು ಬಾಡಿಗೆ ಅಂಗಡಿ. ಮದುವೆಯ ಕುರ್ಚಿ, ಪಾತ್ರೆಯ ಬಾಡಿಗೆಯಲ್ಲ. ಕಾಯಿಲೆಯವರಿಗೆ ಬೇಕಾದ ಸಾಮಾನಿನ ಬಾಡಿಗೆ. ತಲೆಭಾಗ ಎತ್ತುವ ಮಂಚ, ಗಾಲಿಕುರ್ಚಿ, ಊರುಗೋಲು, ಮುಖ್ಯವಾಗಿ ಉಸಿರಿನ ಮಷೀನು. ಹೆಗಲಿಗೆ ತೂಗುಹಾಕಿಕೊಳ್ಳುವಷ್ಟು ಚಿಕ್ಕದು, ಕೋಣೆಯ ಗಾಳಿಯಿಂದಲೇ ಆಕ್ಸಿಜನ್ ಹಿಂಡಿ ಮೂಗಿನ ಕೊಳವೆಗೆ ಕಳಿಸುತ್ತದೆ. ಗೋಡೆಯ ಕರೆಂಟು ಇದ್ದರೆ ಸರಿ, ಇಲ್ಲದಿದ್ದರೆ ಬ್ಯಾಟರಿ. ಹೆಂಡತಿ ಗಿರಾಕಿಗಳ ಹತ್ತಿರ ಮಾತಾಡುತ್ತಾಳೆ, ಇವನು ಹಿಂದಿನ ಮೇಜಿನಲ್ಲಿ ಬಿಚ್ಚಿ ಜೋಡಿಸುತ್ತಾನೆ. ರೈಲಿಗೋ ಬಸ್ಸಿಗೋ ಹೊರಟವರು ಮಷೀನು ಕೇಳಿದರೆ ಟಿಕೆಟ್ ಇಸಿದುಕೊಂಡು, ಹೊರಡುವ ಹೊತ್ತಿನಿಂದ ಸೇರುವ ಹೊತ್ತಿಗೆ ಬೆರಳು ಮಡಚಿ ಎಣಿಸಿ, ಬಂದದ್ದಕ್ಕೆ ಅದರ ಅರ್ಧ ಸೇರಿಸಿ ಬ್ಯಾಟರಿ ಕೊಡುವುದು ಅಂಗಡಿಯ ಪದ್ಧತಿ. ರೈಲು ಎಷ್ಟೇ ತಡವಾದರೂ ಆ ಅರ್ಧ ಕಾಪಾಡಿತ್ತು. ಒಬ್ಬ ಗಿರಾಕಿಗೂ ಇಲ್ಲಿಯವರೆಗೆ ದಾರಿಯಲ್ಲಿ ಉಸಿರು ಕಟ್ಟಿರಲಿಲ್ಲ. ಆದರೆ ವಿಮಾನಕ್ಕೆ ಅಂತ ಮಷೀನು ಕೇಳಿದವರು ಈವರೆಗೆ ಯಾರೂ ಇರಲಿಲ್ಲ. ಮೊದಲ ಗಿರಾಕಿ ಅಕ್ಕನೇ.

ಅಕ್ಕ ಹಾಸಿಗೆ ಕಾರ್ಖಾನೆಯಲ್ಲಿ ಹತ್ತಿ ತುಂಬುವ ಕೆಲಸ ಮಾಡಿದವಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ಆ ಹತ್ತಿಯಲ್ಲೇ ತಮ್ಮನನ್ನೂ ತಂಗಿಯನ್ನೂ ಸಾಕಿದಳು. ಸಂಜೆ ಮನೆಗೆ ಬಂದಾಗ ರೆಪ್ಪೆಯ ಮೇಲೂ ಹತ್ತಿ ಕೂತಿರುತ್ತಿತ್ತು. “ನಮ್ಮಕ್ಕ ಮುದುಕಿ ಆಗಿಬಿಟ್ಲು” ಅಂತ ಇವರಿಬ್ಬರೂ ಕೇಕೆ ಹಾಕಿ ನಗುತ್ತಿದ್ದರು. ಹೊರಗೆ ಕೂತದ್ದು ಉದುರಿತು, ಒಳಗೆ ಹೋದದ್ದು ಉದುರಲಿಲ್ಲ.

ಸ್ಕ್ರೂ ಅಂತ ಹೆಸರಿಟ್ಟವಳೂ ಅವಳೇ. ಚಿಕ್ಕವನಿದ್ದಾಗ ಯಾವುದೋ ರೇಡಿಯೋದ ಸ್ಕ್ರೂ ನುಂಗಿಬಿಟ್ಟಿದ್ದ. ಅಕ್ಕ ಅವನಿಗೆ ಬಾಳೆಹಣ್ಣು ತಿನ್ನಿಸಿ ತಿನ್ನಿಸಿ, ಬೆಳಗ್ಗೆ ಬೆಳಗ್ಗೆ ಕಡ್ಡಿ ಹಿಡಿದು ಹುಡುಕಿ, ಕೊನೆಗೆ ಸಿಕ್ಕಿದ್ದನ್ನು ತೊಳೆದು ಅವನ ಅಂಗೈಗೇ ಹಾಕಿದ್ದಳು. “ತಗೋ, ನಿನ್ನ ಆಸ್ತಿ.”

ತಂಗಿ ದೂರದ ಊರಿಗೆ ಹೋಗಿ ಲಾಂಡ್ರಿ ಕೆಲಸ ಹಿಡಿದು ಬಹಳ ಕಾಲವಾಗಿತ್ತು. ಕಾಗದಪತ್ರದ ತೊಡಕು ಅವಳಿಗೆ. ಅಲ್ಲಿಂದ ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬಿಡುವುದಿಲ್ಲ. ಹಾಗಾಗಿ ಅಕ್ಕನೇ ಹೊರಟಳು. “ನೀನು ಬರೋ ಹಾಗಿಲ್ಲ. ಇನ್ನು ತಡ ಮಾಡಿದ್ರೆ ನಾನೂ ಬರೋ ಹಾಗಿರಲ್ಲ. ಉಸಿರಿರೋವಾಗ್ಲೇ ಒಂದ್ಸಲ ಮುಖ ನೋಡ್ಕೊಂಡು ಬರ್ತೀನಿ” ಅಂತ ಫೋನಿನಲ್ಲಿ ಹೇಳಿದ್ದಳು. ಡಾಕ್ಟರು ತಲೆ ಕೆರೆದುಕೊಂಡೇ ಒಪ್ಪಿದ್ದರು. ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವ ಮಷೀನಿನ ಗುಂಡಿ ಎರಡರಲ್ಲೇ ಇರಬೇಕು, ಮೇಲೆ ಗಾಳಿ ತೆಳುವಾಗಿರುತ್ತೆ, ಎರಡಕ್ಕಿಂತ ಕೆಳಗೆ ಇಳಿಸಕೂಡದು ಅಂತ ಎರಡೆರಡು ಸಲ ಹೇಳಿದ್ದರು. ಹೇಳಲೇಬೇಕಿತ್ತು. ಮನೆಯಲ್ಲಿ ಯಾರೂ ನೋಡದಾಗ ಅದನ್ನು ಒಂದಕ್ಕೆ ಇಳಿಸುವ ಚಾಳಿ ಅಕ್ಕನಿಗೆ. “ಕರೆಂಟೇನು ಪುಕ್ಕಟೆ ಬರುತ್ತಾ?” ಅನ್ನುತ್ತಿದ್ದಳು.

“ರೀ, ಯಾಕೆ ಹೀಗೆ ನಿಂತಿದೀರಿ?” ಹೆಂಡತಿ ಒಳಗೆ ಬಂದಳು. “ಇಳಿದ್ರಂತಾ?”

“ಐದು ಗಂಟೆ ಅಲ್ಲ ಕಣೇ.”

“ಏನು ಐದು ಗಂಟೆ ಅಲ್ಲ?”

ಅವನು ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಪೂರ್ತಿ ಅರ್ಥವಾಯಿತು. ಹತ್ತಕ್ಕೆ ಹೊರಟ ವಿಮಾನ ಇಳಿಯುವುದು ಇಲ್ಲಿಯ ಎಂಟೂವರೆಗೆ. ಹತ್ತೂವರೆ ಗಂಟೆಯ ದಾರಿ. ಅಕ್ಕನ ಚೀಲದಲ್ಲಿ ನಾಲ್ಕು ಬ್ಯಾಟರಿ. ಗುಂಡಿ ಎರಡರಲ್ಲಿದ್ದರೆ ಒಂದೊಂದು ಎರಡೇ ಗಂಟೆ ಬರುತ್ತದೆ. ಸಂಜೆ ಆರಕ್ಕೆ ನಾಲ್ಕೂ ಖಾಲಿ. ಆಮೇಲಿನ ಎರಡೂವರೆ ಗಂಟೆಗೆ ಏನೂ ಇಲ್ಲ.

“ಆರು ಬ್ಯಾಟರಿ ಹಾಕಿದ್ರಲ್ರೀ!”

ಹಾಕಿದ್ದ. ಆಮೇಲೆ ತೆಗೆದಿದ್ದ.

ಮೊನ್ನೆ ಇದೇ ಮೇಜಿನ ಸುತ್ತ ಕೂತು ಚೀಲ ಕಟ್ಟಿದ್ದರು. ಭಾವ ಕನ್ನಡಕ ಮೂಗಿನ ತುದಿಗೆ ಇಳಿಸಿ ಟಿಕೆಟ್ ಓದಿದರು. ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು, ದಾರಿಯ ವಿಷಯ ಬಂದರೆ ಸುಮ್ಮನಿರುವ ಜೀವವಲ್ಲ.

“ಟಿಕೆಟ್ ಮಾಡಿಕೊಟ್ಟ ಹುಡುಗ ಎಂಟು ಸಾವಿರ ಕಿಲೋಮೀಟರ್ ಮೇಲಿದೆ ಅಂದ. ಇಲ್ಲಿ ನೋಡಿದ್ರೆ ಹತ್ತಕ್ಕೆ ಬಿಟ್ಟು ಮೂರಕ್ಕೆ ಸೇರಿಸ್ತಾನಂತೆ. ಐದೇ ಗಂಟೆ! ಅಲ್ಲಯ್ಯಾ, ಅವನು ಡ್ರೈವರೋ ದೆವ್ವವೋ?”

“ಮೇಲೆ ರಸ್ತೆಗುಂಡಿ ಇಲ್ಲ, ಸಿಗ್ನಲ್ ಇಲ್ಲ, ದನ ಅಡ್ಡ ಬರಲ್ಲ ಭಾವ,” ಅಂದಿದ್ದ ಸ್ಕ್ರೂ.

“ಆದ್ರೂ ನನಗ್ಯಾಕೋ ಅನುಮಾನ. ಲೆಕ್ಕ ಕೂಡ್ತಾ ಇಲ್ಲ.”

“ಹೊಟ್ಟೆಕಿಚ್ಚು ಕಣೋ ಇವರಿಗೆ,” ಅಂದಳು ಅಕ್ಕ. “ಇಡೀ ಸರ್ವೀಸಿನಲ್ಲಿ ಒಂದಿನ ಹೊತ್ತಿಗೆ ಸರಿಯಾಗಿ ಬಸ್ಸು ಸೇರಿಸಿದೋರಲ್ಲ. ಬೇರೆಯೋರು ಸೇರಿಸಿದ್ರೆ ಸಹಿಸೋಕಾಗಲ್ಲ.”

ಎಲ್ಲರೂ ನಕ್ಕರು. ಅಕ್ಕನ ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಒಂದಷ್ಟು ಹೊತ್ತು ಹಿಡಿಯಿತು. ಭಾವನ ಅನುಮಾನ ಆ ಕೆಮ್ಮಿನಲ್ಲೇ ಮುಳುಗಿಹೋಯಿತು.

ಐದು ಗಂಟೆ, ಅದರ ಅರ್ಧ ಸೇರಿಸಿದರೆ ಏಳೂವರೆ. ನಾಲ್ಕು ಬ್ಯಾಟರಿ ಸಾಕಿತ್ತು. ಅಕ್ಕ ಅಲ್ಲವೇ, ಇರಲಿ ಅಂತ ಸ್ಕ್ರೂ ಆರು ಹಾಕಿದ್ದ. ಆಗ ಅಕ್ಕ ತಾನೇ ಹೊಲಿದ ಹತ್ತಿಯ ಹೊದಿಕೆಯೊಂದನ್ನು ತಂದಳು. ತಂಗಿಗೆ ಅಂತ ಕೂತು, ನಿಂತು, ಉಸಿರು ಎಳೆದುಕೊಂಡು ಹೊಲಿದದ್ದು. ಅದು ಚೀಲದಲ್ಲಿ ಹಿಡಿಯಲೊಲ್ಲದು.

“ಏ ಸ್ಕ್ರೂ, ಈ ಇಟ್ಟಿಗೆ ಎರಡು ಈಚೆ ತೆಗಿ. ಲೆಕ್ಕಕ್ಕೆ ನಾಲ್ಕು ಸಾಕು ಅಂತ ನೀನೇ ಅಂದ್ಯಲ್ಲ.”

“ಇರ್ಲಿ ಬಿಡೇ, ಹೆಚ್ಚಿಗೆ ಇದ್ರೆ ಒಳ್ಳೇದು.”

“ಅಲ್ಲಿ ನಿನ್ನ ತಂಗಿ ಇಟ್ಟಿಗೆ ಹೊದ್ಕೊಂಡು ಮಲಗ್ತಾಳಾ? ತೆಗಿಯೋ ಅಂದ್ರೆ!”

ಅಕ್ಕ ಗದರಿದರೆ ಐವತ್ತು ದಾಟಿದ ಸ್ಕ್ರೂ ಈಗಲೂ ಬಾಳೆಹಣ್ಣು ತಿನ್ನುತ್ತ ಕೂತ ಹುಡುಗನೇ. ತೆಗೆದ. ವಿಮಾನದವರು ಕೇಳುತ್ತಾರೆ ಅಂತ ಅಂಗಡಿಯ ಹಾಳೆಯಲ್ಲಿ ‘ಪ್ರಯಾಣದ ಒಂದೂವರೆಪಟ್ಟು ಹೊತ್ತಿಗೆ ಬ್ಯಾಟರಿ ಕೊಟ್ಟಿದೆ’ ಅಂತ ಬರೆದು ಮೊಹರು ಒತ್ತಿ ಕೊಟ್ಟ. ಆ ಎರಡು ಬ್ಯಾಟರಿ ಅವತ್ತು ಕಪಾಟಿನ ಮೇಲೆ ಹೋದವು. ಈಗಲೂ ಇದ್ದವು.

ವಿಮಾನ ಕಂಪನಿಗೆ ಫೋನು ಮಾಡಿದರೆ ಮೊದಲು ಸಂಗೀತ. ಆಮೇಲೆ ಒಂದು ಒತ್ತಿ, ಎರಡು ಒತ್ತಿ. ಒತ್ತಿದ. ಮತ್ತೆ ಸಂಗೀತ. ಕೊನೆಗೆ ಒಬ್ಬ ಹುಡುಗ ಸಿಕ್ಕಿ ಟಿಕೆಟ್ ನಂಬರ್ ಕೇಳಿದ. ಟಿಕೆಟ್ ಅಕ್ಕನ ಹತ್ತಿರ, ಅಕ್ಕ ಮೋಡದ ಮೇಲೆ.

“ನಂಬರ್ ಇಲ್ದೆ ಪ್ರಯಾಣಿಕರ ವಿಷಯ ಮಾತಾಡೋ ಹಾಗಿಲ್ಲ ಸರ್.”

“ವಿಷಯ ಕೇಳ್ತಾ ಇಲ್ಲಪ್ಪಾ ನಾನು, ಹೇಳ್ತಾ ಇದೀನಿ! ಉಸಿರಿನ ಮಷೀನು ನಿಂತುಹೋಗುತ್ತೆ!”

“ಅರ್ಥ ಆಗುತ್ತೆ ಸರ್. ನಂಬರ್ ಹೇಳಿ.”

ಹೆಂಡತಿ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿ ಹೊರಗೆ ಓಡಿದಳು. ಒಂದು ಕಾಲಿಗೆ ಅವಳದು, ಇನ್ನೊಂದಕ್ಕೆ ಗಂಡನದು. ಟಿಕೆಟ್ ಮಾಡಿಕೊಟ್ಟ ಅಂಗಡಿ ಎರಡು ಬೀದಿ ಆಚೆ, ಅವನು ಊಟಕ್ಕೆ ಹೋಗಿದ್ದ. ಅವನ ಮನೆ ಹುಡುಕಿ, ಕೈ ತೊಳೆಯಲೂ ಬಿಡದೆ ಕರೆತಂದು, ಕಂಪ್ಯೂಟರ್ ತೆರೆಸಿ ನಂಬರ್ ತಂದಳು.

ಅಷ್ಟು ಹೊತ್ತು ಸ್ಕ್ರೂ ಕೈ ಕಟ್ಟಿ ಕೂರಲಾಗದೆ ಒದ್ದಾಡಿದ. ಕಪಾಟಿನ ಮೇಲಿನ ಎರಡು ಬ್ಯಾಟರಿ ಕೆಳಗಿಳಿಸಿ ಗುಂಡಿ ಒತ್ತಿ ನೋಡಿದ. ನಿನ್ನೆ ಇನ್ಯಾರೋ ಬಾಡಿಗೆಗೆ ಒಯ್ದು ವಾಪಸು ತಂದಿಟ್ಟಿದ್ದರು ಅಂತ ಕಾಣುತ್ತದೆ, ಎರಡೂ ಖಾಲಿ. ಚಾರ್ಜಿಗೆ ಹಾಕಿದ. ಕೆಂಪು ದೀಪ ಎರಡು ಹತ್ತಿಕೊಂಡವು. ಕೈಗೆ ಗೊತ್ತಿದ್ದ ಕೆಲಸ ಅದೊಂದೇ.

ನಂಬರ್ ಹಿಡಿದು ಮತ್ತೆ ಫೋನು ಮಾಡಿದಾಗ ಒಬ್ಬಾಕೆ ಸಿಕ್ಕಿದಳು. ಗಂಟಲಲ್ಲಿ ಆತುರವಿಲ್ಲದ ಹೆಂಗಸು, ಆದರೆ ಕಿವಿ ಚುರುಕು. ಎರಡೇ ಮಾತಿಗೆ ಹಿಡಿದುಕೊಂಡಳು.

“ಹೌದು ಸರ್, ಎಂಟು ಸಾವಿರದ ಇನ್ನೂರು ಕಿಲೋಮೀಟರ್, ಹತ್ತೂವರೆ ಗಂಟೆ. ಪಶ್ಚಿಮಕ್ಕೆ ಹೋಗೋ ವಿಮಾನ ಅದು, ಟಿಕೆಟ್ಟಿನ ಮೇಲಿರೋದು ಆಯಾ ಊರಿನ ಗಡಿಯಾರ. ಬ್ಯಾಟರಿ ಎಷ್ಟು ಹೊತ್ತಿನವರೆಗೆ ಬರುತ್ತೆ?”

“ಆರರವರೆಗೆ. ನಮ್ಮ ಆರು. ಇಲ್ಲಿಯ ಆರು,” ಅಂದ ಸ್ಕ್ರೂ. ಈಗ ಅವನಿಗೆ ಯಾವ ಗಡಿಯಾರದ ಮೇಲೂ ನಂಬಿಕೆ ಇರಲಿಲ್ಲ.

“ಹಾಗಿದ್ರೆ ಇನ್ನೂ ಹೊತ್ತಿದೆ. ಗಾಬರಿ ಆಗ್ಬೇಡಿ. ಕ್ಯಾಪ್ಟನ್‌ಗೆ ಸಂದೇಶ ಕಳಿಸ್ತೀವಿ. ವಿಮಾನದಲ್ಲಿ ಆಕ್ಸಿಜನ್ ಬಾಟಲಿ ಇರುತ್ತೆ. ಸೀಟ್ ನಂಬರ್ ನನ್ನ ಹತ್ರ ಬಂತು.”

“ಅವಳು ನಮ್ಮ ಅಕ್ಕ ಕಣಮ್ಮಾ. ಬೇಗ ಕಳ್ಸಿ.”

“ನಾನೇ ವಾಪಸ್ ಫೋನು ಮಾಡ್ತೀನಿ ಸರ್.”

ಮಾಡಿದಳು. ಐದು ಗಂಟೆ ಹೊಡೆಯುವ ಮುಂಚೆಯೇ ಮಾಡಿದಳು. ಸಂದೇಶ ತಲುಪಿದೆ, ವಿಮಾನದ ಆಕ್ಸಿಜನ್ ಕೊಡುತ್ತಿದ್ದಾರೆ ಅಂದಳು.

“ಅಕ್ಕ ಹೇಗಿದಾಳಂತೆ? ಮಾತಾಡಿದ್ಲಂತಾ?”

“ಬಂದಿರೋದು ಅಷ್ಟೇ ಸರ್. ಆಕ್ಸಿಜನ್ ಕೊಡ್ತಿದಾರೆ, ಪ್ರಯಾಣಿಕರಲ್ಲಿ ಒಬ್ರು ಡಾಕ್ಟರು ಇದ್ರಂತೆ, ನೋಡ್ತಿದಾರೆ.”

ಬ್ಯಾಟರಿ ಮುಗಿಯಲು ಇನ್ನೂ ಒಂದು ಗಂಟೆಗೂ ಮೇಲೆ ಇತ್ತಲ್ಲ! ಹೆಂಡತಿ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಅತ್ತು ಮುಗಿಸಿ ಕಾಲು ನೋಡಿಕೊಂಡು, “ಅಯ್ಯೋ, ಹೀಗೇ ಎರಡು ಬೀದಿ ಓಡಿದೀನಲ್ರೀ” ಅಂತ ನಕ್ಕಳು. ಸ್ಕ್ರೂ ಕೂಡ ನಕ್ಕ. ಟೀ ತರಿಸಿದರು. ಗಾಲಿಕುರ್ಚಿ ವಾಪಸು ಮಾಡಲು ಬಂದ ಗಿರಾಕಿಯೊಬ್ಬನಿಗೆ ಹೆಂಡತಿ ಇಡೀ ಕತೆ ಹೇಳಿದಳು. ಅವನು “ನಿಮ್ಮ ಅಕ್ಕನ ಆಯಸ್ಸು ಗಟ್ಟಿ” ಅಂದ. ಆ ಮಾತು ಸ್ಕ್ರೂಗೆ ಟೀಗಿಂತ ಹಿತವಾಗಿತ್ತು.

“ಅತ್ತಿಗೆ ಇಳಿದ ಮೇಲೆ ನಿಮಗೆ ಕಾದಿದೆ,” ಅಂದಳು ಹೆಂಡತಿ. “ಸ್ಕ್ರೂ ಅಲ್ಲ, ಸಡಿಲ ಸ್ಕ್ರೂ ಅಂತಾರೆ ಇನ್ಮೇಲೆ.”

“ಅನ್ಲಿ ಬಿಡು. ಬಾಯಿತುಂಬ ಅನ್ಲಿ.”

ಡಾಕ್ಟರು ಯಾಕೆ ನೋಡುತ್ತಿದ್ದಾರೆ ಅನ್ನುವುದು ಮಾತ್ರ ಅವನ ತಲೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಬ್ಯಾಟರಿ ಇರುವಾಗ ಡಾಕ್ಟರಿಗೇನು ಕೆಲಸ? ಹೆಂಡತಿಗೆ ಹೇಳಲಿಲ್ಲ. ವಿಮಾನದವರು ಹಾಗೇ ಇರಬೇಕು, ಎಲ್ಲಕ್ಕೂ ಡಾಕ್ಟರನ್ನು ಕರೆಯುತ್ತಾರೇನೋ ಅಂದುಕೊಂಡ. ಬೀದಿದೀಪ ಹತ್ತಿತು. ಪಕ್ಕದ ಅಂಗಡಿಯವರು ಬಾಗಿಲು ಎಳೆದುಕೊಂಡು ಹೋದರು. ಇವರು ಎಳೆಯಲಿಲ್ಲ.

ಒಂಬತ್ತೂವರೆಗೆ ಫೋನು ಬಂತು. ತಂಗಿ.

“ಅಣ್ಣಾ, ಅತ್ತಿಗೆ ಪಕ್ಕದಲ್ಲಿದಾರಾ?”

“ಇದಾಳೆ. ಅಕ್ಕನಿಗೆ ಕೊಡು.”

ಆ ಕಡೆ ಗಾಲಿ ಉರುಳುವ ಸದ್ದು, ಯಾರೋ ಯಾರನ್ನೋ ಕೂಗುವ ಸದ್ದು.

“ಅಕ್ಕನಿಗೆ ಕೊಡೇ!”

“ಇಲ್ಲ ಕಣೋ. ಇಳಿಯೋಕೆ ಮುಂಚೆನೇ ಹೋದ್ಲಂತೆ. ನಾನು ಮುಖ ನೋಡ್ದೆ ಅಣ್ಣ. ಹೊದಿಕೆ ಕುತ್ತಿಗೆವರೆಗೂ ಹೊದಿಸಿದ್ರು. ಮುಖ ನೋಡ್ದೆ.”

“ಆಗಲ್ಲ,” ಅಂದ ಸ್ಕ್ರೂ. “ಆರರವರೆಗೆ ಬ್ಯಾಟರಿ ಇತ್ತು. ಐದಕ್ಕೇ ಬಾಟಲಿ ಕೊಟ್ರು. ಹಾಗಾಗೋಕೆ ಆಗಲ್ಲ.”

“ಬ್ಯಾಟರಿ ಈಗಲೂ ಇದೆ ಅಣ್ಣ. ಚೀಲದಲ್ಲಿ ಎರಡು ಹಾಗೇ ಇದೆ. ಮುಟ್ಟೇ ಇಲ್ಲ. ಮಷೀನಿನ ಗುಂಡಿ ಒಂದರಲ್ಲಿತ್ತಂತೆ. ತಡಿ, ಭಾವ ಕೇಳ್ತಿದಾರೆ.”

ಫೋನು ಕೈ ಬದಲಾಯಿತು. ಈ ಸಲ ಭಾವ.

“ನಾನು ಪಕ್ಕದಲ್ಲೇ ಇದ್ನಲ್ಲಯ್ಯಾ. ಪಕ್ಕದಲ್ಲೇ.”

“ಭಾವ…”

“ಸೀಟಿನ ಮುಂದೆ ಒಂದು ಟಿ.ವಿ. ಇತ್ತು. ವಿಮಾನ ಎಲ್ಲಿದೆ, ಇನ್ನು ಎಷ್ಟು ಕಿಲೋಮೀಟರ್, ಇನ್ನು ಎಷ್ಟು ಗಂಟೆ, ಎಲ್ಲಾ ತೋರಿಸ್ತಿತ್ತು. ನನಗೆ ಕಣ್ಣು ಕಾಣಲ್ಲ, ಕನ್ನಡಕ ಮೇಲಿನ ಚೀಲದಲ್ಲಿ. ಹತ್ತಿ ಕೂತು ಸ್ವಲ್ಪ ಹೊತ್ತಿಗೆ ಇವಳು ಅದನ್ನ ನೋಡಿದ್ಲು. ನೋಡಿ, ‘ನಿಮ್ಮ ಅನುಮಾನ ಸರಿ ಇತ್ತು ರೀ’ ಅಂದ್ಲು. ಯಾವ ಅನುಮಾನವೇ ಅಂದೆ. ‘ಡ್ರೈವರ್ ದೆವ್ವ ಅಲ್ಲ, ಪಾಪ, ಮನುಷ್ಯನೇ’ ಅಂತ ನಕ್ಕಳು. ತಮಾಷೆಗೆ ಅಂದ್ಲು ಅಂತ ನಾನೂ ನಕ್ಕೆ.”

ಅಕ್ಕನ ಬೆರಳು ಮಷೀನಿನ ಗುಂಡಿಯ ಕಡೆ ಹೋಗುವುದು ಸ್ಕ್ರೂನ ಕಣ್ಣಿಗೆ ಕಂಡಿತು. ಯಾರೂ ನೋಡದಾಗ ಹೋಗುತ್ತಿದ್ದ ಹಾಗೆ. ಒಂದಕ್ಕೆ ಇಳಿಸಿದರೆ ಒಂದು ಬ್ಯಾಟರಿ ನಾಲ್ಕು ಗಂಟೆ. ನಾಲ್ಕು ಬ್ಯಾಟರಿ ಹದಿನಾರು ಗಂಟೆ. ಅವಳ ಲೆಕ್ಕ ತಪ್ಪಿರಲಿಲ್ಲ.

“ಆಮೇಲೆ ಚಳಿ ಅಂದ್ಲು. ಹೊದಿಕೆ ತೆಗೆದು ಹೊದಿಸ್ದೆ. ತಂಗಿಗೆ ಅಂತ ತಂದಿದ್ದು ಮಾಸುತ್ತೆ ಅಂತ ಗೊಣಗಿ ಹೊದ್ಕೊಂಡ್ಲು. ಬ್ಯಾಟರಿ ಎರಡೇ ಗಂಟೆ ಬರುತ್ತೆ ಅಂದಿದ್ದೆ ನೀನು. ಮಧ್ಯಾಹ್ನ ಎರಡರವರೆಗೂ ಒಂದೇ ಬಂತು. ನಾನು ಆ ಪಕ್ಕದೋನಿಗೆ ಹೇಳ್ದೆ, ನಮ್ಮ ಭಾವಮೈದುನನ ಬ್ಯಾಟರಿ ಅಂದ್ರೆ ಹೀಗಿರ್ಬೇಕು ಅಂತ. ಜಂಬ ಕೊಚ್ಕೊಂಡೆ ಕಣಯ್ಯಾ. ಇವಳಿಗೆ ಜೊಂಪು ಹತ್ತಿತ್ತು. ನಿದ್ದೆ ಮಾಡ್ಲಿ, ಬೇಗ ದಾರಿ ಕಳೆಯುತ್ತೆ ಅಂತ ನಾನೂ ಕಣ್ಣು ಮುಚ್ಚಿದೆ. ಆ ವಿಮಾನದ ಹುಡುಗಿ ಬಾಟಲಿ ಹಿಡ್ಕೊಂಡು ಓಡಿಬಂದು ಇವಳನ್ನ ಅಲ್ಲಾಡಿಸೋವರೆಗೂ…”

ಹೆಂಡತಿ ಸ್ಕ್ರೂನ ಭುಜ ಹಿಡಿದು ಫೋನಿಗೆ ಕಿವಿ ಹಚ್ಚಿ ನಿಂತಿದ್ದಳು. ಅವಳ ಉಸಿರು ಅವನ ಕೆನ್ನೆಗೆ ತಾಕುತ್ತಿತ್ತು.

“ಮೊನ್ನೆ ನಾವಿಬ್ರೂ ಕೂತು ಎಣಿಸಿದ್ವಲ್ವೇನಯ್ಯಾ?” ಅಂದರು ಭಾವ. “ಐದು ಗಂಟೆ ಅಂತ. ಬೆರಳು ಮಡಚಿ.”

“ಹೌದು ಭಾವ. ಎಣಿಸಿದ್ವಿ.”

“ಎರಡು ಸಲ ಎಣಿಸಿದ್ವಿ.”

“ಹೌದು.”

ಆ ಕಡೆ ಯಾರೋ ಭಾವನನ್ನು ಕರೆದರು. ಎಲ್ಲಿಯೋ ಸಹಿ ಹಾಕಬೇಕಿತ್ತು ಅಂತ ಕಾಣುತ್ತದೆ. ಫೋನು ನಿಂತಿತು.

ಹೆಂಡತಿ ಬಾಗಿಲು ಎಳೆಯಲು ಎದ್ದಳು. ಅರ್ಧ ಎಳೆದಿದ್ದಳು, ಹಿಂದಿನ ಮೇಜಿನಿಂದ ಚಾರ್ಜರು ಮೂರು ಸಲ ಕೀಂ ಕೀಂ ಕೀಂ ಅಂತು. ಕೆಂಪು ಹೋಗಿ ಎರಡೂ ದೀಪ ಹಸಿರಾಗಿದ್ದವು. ಬ್ಯಾಟರಿಗಳು ತುಂಬಿದ್ದವು.